ಮೂರನೆಯ ದಿನದ ಭೇಟಿ: ಅಂತರಘಟ್ಟೆ ಸೀಮೆಯ ಆಶಾ ಕಾರ್ಯಕರ್ತೆಯರಿಗೆ ಒಂದು ಬಹಿರಂಗ ಪತ್ರ

ಅಂತರಘಟ್ಟೆ, ಶಿವನಿ, ಅಜ್ಜಂಪುರದ ಸುತ್ತಿನ ಊರುಗಳ ಹಾಗೂ ತರೀಕೆರೆ, ಕಡೂರು ತಾಲ್ಲೂಕುಗಳ ಎಲ್ಲ ಆಶಾ ಕಾರ್ಯಕರ್ತೆಯರಿಗೆ,



ಹೆರಿಗೆಯಾದ ಮನೆಗೆ ನೆಂಟರಿಗಿಂತ ಮೊದಲು ಹೋಗುವವರು ನೀವು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ನೋಡಬೇಕೆಂದು ನಿಮಗೆ ಹೇಳಿದ್ದಾರೆ. ಜೋಳಿಗೆಯಲ್ಲಿಟ್ಟು ತೂಕ ನೋಡುತ್ತೀರಿ, ಮೈ ಬಿಸಿ ನೋಡುತ್ತೀರಿ, ಹೊಕ್ಕುಳು ನೋಡುತ್ತೀರಿ, ಎದೆಹಾಲು ಸರಿಯಾಗಿ ಕುಡಿಯುತ್ತಿದೆಯೇ ಎಂದು ಪಕ್ಕದಲ್ಲಿ ಕೂತು ವಿಚಾರಿಸುತ್ತೀರಿ. ಈ ಆರು ಭೇಟಿಗಳಲ್ಲಿ ಮೊದಲನೆಯದನ್ನು, ಮೂರನೆಯ ದಿನದ್ದನ್ನು, ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಹಟ್ಟಿ, ಹಳ್ಳಿಗಳ ಹಿರಿಯ ಹೆಂಗಸರನ್ನು ಕೇಳಿದರೆ ಒಂದು ಬಗೆಯ ಸಾವಿನ ಮಾತು ಬರುತ್ತದೆ. ಕೂಸು ಹುಟ್ಟಿದಾಗ ಚೆನ್ನಾಗಿತ್ತು, ಅಳು ಜೋರಾಗಿತ್ತು, ಎರಡು ಮೂರು ದಿನ ಹಾಲು ಕುಡಿಯಿತು. ಆಮೇಲೆ ಹಾಲು ಬಿಟ್ಟಿತು, ಮಂಕಾಯಿತು, ವಾಂತಿ ಮಾಡಿತು, ಕಣ್ಣು ಮೇಲೆ ಮಾಡಿತು, ಹೋಯಿತು. ಮನೆಯವರು ಬಾಲಗ್ರಹ ಎಂದರು, ದೃಷ್ಟಿ ಎಂದರು. ಆಸ್ಪತ್ರೆಗೆ ಹೋಗಿದ್ದರೆ ರಕ್ತಕ್ಕೆ ನಂಜೇರಿದೆ ಎಂದು ಹೇಳಿರುತ್ತಾರೆ. ಬಹಳ ಸಲ ಅದು ನಂಜೇ ಆಗಿರುತ್ತದೆ. ಆದರೆ ಕೆಲವು ಸಲ, ಅದರಲ್ಲೂ ಅದೇ ತಾಯಿಯ ಹಿಂದಿನ ಕೂಸೂ ಹಾಗೆಯೇ ಹೋಗಿದ್ದಾಗ, ಕಾರಣ ಬೇರೆ ಇರುತ್ತದೆ. ಅದು ತಂದೆ ತಾಯಿಯಿಂದ ಬಂದ ಚಯಾಪಚಯದ ದೋಷ.

ತಿಂದ ಅನ್ನ, ಕುಡಿದ ಹಾಲು ಮೈಗೆ ಹತ್ತಬೇಕಾದರೆ ಅದನ್ನು ಹಂತ ಹಂತವಾಗಿ ಒಡೆದು ಬೇರೆ ರೂಪಕ್ಕೆ ತರಬೇಕು. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ ಬೇಕು. ಆ ಕಿಣ್ವವನ್ನು ಮಾಡಿಸುವ ಜೀನ್‌ನಲ್ಲಿ ತಪ್ಪಿದ್ದರೆ ಆ ಹಂತ ನಿಂತುಹೋಗುತ್ತದೆ. ಕೆರೆಯ ತೂಬು ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು: ಹಿಂದೆ ನೀರು ಏರಿ ಏರಿ ಏರಿಗೇ ಅಪಾಯ, ಮುಂದೆ ಅಚ್ಚುಕಟ್ಟಿನ ಗದ್ದೆ ಒಣಗುತ್ತದೆ. ಮಗುವಿನ ಮೈಯಲ್ಲೂ ಹೀಗೆಯೇ. ಒಡೆಯಬೇಕಾದ ವಸ್ತು ಒಡೆಯದೆ ರಕ್ತದಲ್ಲಿ ಸೇರಿ ಮಿದುಳಿಗೆ ವಿಷವಾಗುತ್ತದೆ, ಅದರಿಂದ ಆಗಬೇಕಾದ ವಸ್ತು ಮೈಗೆ ಸಿಗುವುದೇ ಇಲ್ಲ.

ಹೊಟ್ಟೆಯಲ್ಲಿರುವಾಗ ಈ ಕೂಸಿಗೆ ಬಹುಮಟ್ಟಿಗೆ ತೊಂದರೆ ಕಾಣುವುದಿಲ್ಲ. ಮಾಸು ಅದರ ರಕ್ತವನ್ನು ಶುದ್ಧ ಮಾಡುತ್ತಿರುತ್ತದೆ, ತಾಯಿಯ ಮೈ ಅದರ ಕೆಲಸವನ್ನೂ ಮಾಡಿಕೊಡುತ್ತಿರುತ್ತದೆ. ಹೊಕ್ಕುಳುಬಳ್ಳಿ ಕತ್ತರಿಸಿದ ಮೇಲೆ ಕೂಸು ತನ್ನ ಪಾಡಿಗೆ ತಾನು. ಹಾಲು ಹೊಟ್ಟೆಗೆ ಬೀಳುತ್ತದೆ, ವಿಷ ಸೇರಲು ಶುರುವಾಗುತ್ತದೆ. ಹುಟ್ಟಿದಾಗ ನೆಟ್ಟಗಿದ್ದ ಮಗು ಎರಡು ಮೂರು ದಿನದಲ್ಲಿ ಕೈಬಿಟ್ಟು ಹೋಗುವುದು ಇದರಿಂದ. ಹಿಮ್ಮಡಿಯಿಂದ ರಕ್ತ ತೆಗೆದು ಪರೀಕ್ಷೆ ಮಾಡಲು ಒಳ್ಳೆಯ ಸಮಯವೆಂದು ವೈದ್ಯರು ಹೇಳುವುದು ಹುಟ್ಟಿದ 48ರಿಂದ 72 ಗಂಟೆಗಳ ನಡುವೆ. ಅದು ನಿಮ್ಮ ಮೊದಲ ಭೇಟಿಯ ಹೊತ್ತು.

ಇದೆಲ್ಲ ಪರದೇಶದ ಕಾಯಿಲೆ, ನಮ್ಮ ಕಡೆ ಎಲ್ಲಿದೆ ಎಂದು ಯಾರಾದರೂ ಹೇಳಿದರೆ ಅವರಿಗೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಕೆಲಸವನ್ನು ನೆನಪಿಸಿ. 1980ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಮತ್ತು ಅವರ ಜೊತೆಗಾರರು ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ರಕ್ತ ಪರೀಕ್ಷೆಗೆ ಕೈಹಾಕಿದರು. ಆ ತಂಡದಲ್ಲಿ ಎ. ರಾಧಾ ರಮಾದೇವಿ ಇದ್ದರು, ಎಚ್. ಎಸ್. ಸಾವಿತ್ರಿ ಇದ್ದರು. ಹಿಮ್ಮಡಿಯಿಂದ ತೆಗೆದ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸುವುದು, ಆ ಕಲೆಯಿಂದ ಅಮೈನೋ ಆಮ್ಲಗಳನ್ನು ಬೇರ್ಪಡಿಸಿ ಯಾವುದು ಮಿತಿ ಮೀರಿದೆ ಎಂದು ನೋಡುವುದು ಅವರ ಕೆಲಸವಾಗಿತ್ತು. ದೇಶದಲ್ಲಿ ಇಷ್ಟು ದೊಡ್ಡ ಮಟ್ಟದಲ್ಲಿ ನವಜಾತ ಶಿಶುಗಳ ತಪಾಸಣೆ ನಡೆದದ್ದು ಅದೇ ಮೊದಲು. ಲಕ್ಷದ ಆಸುಪಾಸು ಕೂಸುಗಳ ರಕ್ತ ಪರೀಕ್ಷಿಸಿ ಅವರು 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೈನೋ ಆಮ್ಲಗಳ ಚಯಾಪಚಯದ ದೋಷಗಳು ಕನ್ನಡನಾಡಿನ ಮಕ್ಕಳಲ್ಲೂ ಇವೆ ಎಂಬುದಕ್ಕೆ ಆ ಕೆಲಸ ಸಾಕ್ಷಿ ಒದಗಿಸಿತು.

ಅವರು ರಕ್ತ ತೆಗೆದು ಸುಮ್ಮನಾಗಲಿಲ್ಲ, ತಾಯಂದಿರನ್ನು ಮಾತಾಡಿಸಿದರು. ಗಂಡ ನಿಮಗೆ ಮೊದಲೇ ಏನಾಗಬೇಕಿತ್ತು ಎಂದು ಕೇಳಿದರು. ವಂಶವಿಜ್ಞಾನಿ ಅಲನ್ ಬಿಟಲ್ಸ್ ಅವರೊಡನೆ ಸೇರಿ ಈ ಲೆಕ್ಕವನ್ನು ಪ್ರಕಟಿಸಿದರು. ಬೆಂಗಳೂರು, ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಾಯಂದಿರಿಂದ ಸಿಕ್ಕ ಮಾಹಿತಿಯ ಪ್ರಕಾರ ಮೂರು ಮದುವೆಗಳಲ್ಲಿ ಸುಮಾರು ಒಂದು ರಕ್ತಸಂಬಂಧದಲ್ಲೇ ಆಗಿತ್ತು. ಹಿಂದೂ ಕುಟುಂಬಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟ ಮದುವೆಗಳೇ ಐದರಲ್ಲಿ ಒಂದರಷ್ಟಿದ್ದವು. ಇದು ಹಳೆಯ ಕಾಲದ ಮಾತು ಎನ್ನುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಸಂಬಂಧದಲ್ಲೇ ಮದುವೆಯಾದವರು.

ಎ. ರಾಧಾ ರಮಾದೇವಿ ಮುಂದೆ ಹೈದರಾಬಾದಿನಲ್ಲಿ ಇದೇ ಕೆಲಸವನ್ನು ಬೆಳೆಸಿದರು. ಅಲ್ಲಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ 18,300 ಕೂಸುಗಳನ್ನು ಅಮೈನೋ ಆಮ್ಲದ ದೋಷಗಳ ಜೊತೆಗೆ ಥೈರಾಯ್ಡ್ ಕೊರತೆ, ಜಿ6ಪಿಡಿ ಕೊರತೆ, ಬಯೋಟಿನಿಡೇಸ್ ಕೊರತೆ, ಗ್ಯಾಲಕ್ಟೋಸೀಮಿಯಾ ಮುಂತಾದವುಗಳಿಗೂ ಪರೀಕ್ಷೆ ಮಾಡಿದರು. ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ಚಯಾಪಚಯದ ದೋಷ ಕಂಡುಬಂತೆಂದು 2004ರ ಹೊತ್ತಿಗೆ ಪ್ರಕಟಿಸಿದರು. ಒಬ್ಬೊಬ್ಬರ ವ್ಯಾಪ್ತಿಗೆ ಸಾವಿರ ಜನಸಂಖ್ಯೆ ಎಂದು ಲೆಕ್ಕ ಹಾಕಿದರೆ ನಿಮ್ಮ ಕೆಲಸದ ಅವಧಿಯುದ್ದಕ್ಕೂ ಇಂಥ ಒಂದು ಕೂಸೂ ಸಿಗದೇ ಇರಬಹುದು. ಆದರೆ ಮೂರು ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರೆಲ್ಲ ಸೇರಿದರೆ ವರ್ಷಕ್ಕೆ ಸಾವಿರಾರು ಕೂಸುಗಳನ್ನು ನೋಡುತ್ತೀರಿ. ಅದಕ್ಕೇ ಈ ಪತ್ರವನ್ನು ಒಬ್ಬರಿಗೆ ಬರೆಯದೆ ನಿಮ್ಮೆಲ್ಲರಿಗೂ ಬರೆದಿದ್ದೇನೆ.

ಕಂಡುಹಿಡಿದು ಏನು ಪ್ರಯೋಜನ, ವಂಶದಿಂದ ಬಂದದ್ದಕ್ಕೆ ಮದ್ದಿದೆಯೇ ಎಂದು ಮನೆಯವರು ಕೇಳುತ್ತಾರೆ. ಕೆಲವಕ್ಕಿದೆ. ಆ ಕೆಲವನ್ನಾದರೂ ನಾವು ಕೈಬಿಡಬಾರದು.

ಬಯೋಟಿನಿಡೇಸ್ ಕೊರತೆಯನ್ನೇ ನೋಡಿ. ಈ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಕೂದಲು ಉದುರುತ್ತದೆ, ಮೈಮೇಲೆ ಗಂದೆ ಏಳುತ್ತದೆ, ಕಿವಿ ಹೋಗುತ್ತದೆ. ಮದ್ದು ಬಯೋಟಿನ್ ಎಂಬ ಒಂದು ವಿಟಮಿನ್. ದಿನಾ ತಪ್ಪದೆ ಕೊಟ್ಟರೆ ಮಗು ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ತಡವಾದರೆ ಫಿಟ್ಸ್ ನಿಂತರೂ ಹೋದ ಕಿವಿ ಮರಳುವುದು ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರಸಾಯನಶಾಸ್ತ್ರ ವಿಭಾಗದ ಡಾ. ರೀಟಾ ಕ್ರಿಸ್ಟೋಫರ್ ಮತ್ತು ಅವರ ಸಹೋದ್ಯೋಗಿಗಳು ಇಂಥ ದೋಷಗಳನ್ನು ಗುರುತಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದಾರೆ. ಈಗಿನ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಕಾಗದದ ಮೇಲೆ ಒಣಗಿದ ಒಂದು ರಕ್ತದ ಕಲೆಯಿಂದ ಹತ್ತಾರು ದೋಷಗಳನ್ನು ಒಟ್ಟಿಗೇ ನೋಡಬಲ್ಲದು.

ಗ್ಯಾಲಕ್ಟೋಸೀಮಿಯಾ ಇದ್ದ ಕೂಸಿಗೆ ಹಾಲೇ ವಿಷ, ಎದೆಹಾಲೂ ಸಹ. ಕಾಮಾಲೆ ಏರುತ್ತದೆ, ಯಕೃತ್ತು ಕೆಡುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಹಾಲು ನಿಲ್ಲಿಸಿ ಸೋಯಾದ ಆಹಾರ ಕೊಟ್ಟರೆ ಜೀವ ಉಳಿಯುತ್ತದೆ. ಎದೆಹಾಲನ್ನೇ ಕೊಡಿ ಎಂದು ಹಗಲಿರುಳು ಹೇಳುವವರು ನೀವು, ಅದನ್ನು ಹೇಳುತ್ತಲೇ ಇರಬೇಕು. ಪರೀಕ್ಷೆ ಆಗದೆ ಯಾವ ತಾಯಿಯೂ ಎದೆಹಾಲು ನಿಲ್ಲಿಸಬಾರದು. ಆದರೆ ಹಾಲು ಕುಡಿದಷ್ಟೂ ಕೂಸು ಸೊರಗುತ್ತಿದ್ದರೆ ಅದನ್ನು ವೈದ್ಯರಿಗೆ ಅದೇ ದಿನ ತೋರಿಸಬೇಕು.

ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ ನಮ್ಮ ದೇಶದಲ್ಲಿ ಸುಮಾರು ಸಾವಿರಕ್ಕೊಂದು ಕೂಸಿಗಿರುತ್ತದೆ. ಅದೆಲ್ಲವೂ ವಂಶದಿಂದ ಬಂದದ್ದಲ್ಲ, ಆದರೆ ಅದೇ ರಕ್ತದ ಹನಿಯಿಂದ ಗೊತ್ತಾಗುತ್ತದೆ. ಆ ಕೂಸು ತುಂಬಾ ಸಾಧು, ಅಳುವುದೇ ಇಲ್ಲ ಎಂದು ಮನೆಯವರು ಸಂತೋಷಪಡುತ್ತಿರುತ್ತಾರೆ. ಎರಡು ವಾರ ದಾಟಿದರೂ ಕಾಮಾಲೆ ಇಳಿದಿರುವುದಿಲ್ಲ. ಮೊದಲ ಎರಡು ಮೂರು ವಾರಗಳಲ್ಲೇ ದಿನಕ್ಕೊಂದು ಅಗ್ಗದ ಥೈರಾಕ್ಸಿನ್ ಮಾತ್ರೆ ಶುರು ಮಾಡಿದರೆ ಬುದ್ಧಿ ಚೆನ್ನಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಕಳೆದುಹೋದ ಬುದ್ಧಿಯನ್ನು ಯಾವ ಮದ್ದೂ ತಂದುಕೊಡಲಾರದು.

ಜಿ6ಪಿಡಿ ಕೊರತೆಯಲ್ಲಿ ಮದ್ದಿಗಿಂತ ಎಚ್ಚರವೇ ಮುಖ್ಯ. ಕೆಲವು ಮಾತ್ರೆಗಳು ಮತ್ತು ನುಸಿಗುಳಿಗೆಯ ಗಾಳಿ ಈ ಮಕ್ಕಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಕಾಮಾಲೆ ಒಮ್ಮೆಲೇ ಏರುತ್ತದೆ. ಬಾಣಂತಿಗೆಂದು ಟ್ರಂಕಿನಿಂದ ತೆಗೆದ ಹಳೆಯ ಸೀರೆಯನ್ನು ತೊಟ್ಟಿಲಿಗೆ ಕಟ್ಟುವುದು, ಕೂಸಿಗೆ ಹೊದಿಸುವುದು ನಮ್ಮಲ್ಲಿ ರೂಢಿ. ಒಗೆದು ಬಿಸಿಲಿಗೆ ಹಾಕಿದ ಬಟ್ಟೆಯನ್ನೇ ಬಳಸಿ ಎಂದು ನೀವು ಹೇಳಿದರೆ ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ಕಾಯಿಲೆಯಲ್ಲಿ ಕೂಸಿನ ಉಚ್ಚೆ ಸುಟ್ಟ ಸಕ್ಕರೆಯಂತೆ ನಾರುತ್ತದೆ. ಅಮೆರಿಕದ ಜಾನ್ ಮೆಂಕೆಸ್ 1954ರಲ್ಲಿ ಒಂದೇ ಮನೆಯ ಮಕ್ಕಳಲ್ಲಿ ಇದನ್ನು ಗುರುತಿಸಿದರು. ಮೇಪಲ್ ಮರದ ಪಾಕದ ಹೆಸರಿನಲ್ಲೇ ಆ ಕಾಯಿಲೆಯನ್ನು ಕರೆಯುತ್ತಾರೆ. ನಮ್ಮ ಬಾಣಂತಿಯರು ಮೆಂತ್ಯ ತಿನ್ನುತ್ತಾರೆ, ಮೆಂತ್ಯದಿಂದಲೂ ಕೂಸಿನ ಮೈ, ಉಚ್ಚೆ ಅದೇ ರೀತಿ ವಾಸನೆ ಬರಬಹುದು. ಹಾಗಾಗಿ ವಾಸನೆಯೊಂದನ್ನೇ ಹಿಡಿದು ಮನೆಯವರನ್ನು ಹೆದರಿಸಬೇಡಿ. ವಾಸನೆಯ ಜೊತೆಗೆ ಕೂಸು ಹಾಲು ಬಿಟ್ಟಿದ್ದರೆ, ಮಂಕಾಗಿದ್ದರೆ ತಡಮಾಡಬೇಡಿ.

ವಾಸನೆಯ ವಿಷಯಕ್ಕೆ ನಾರ್ವೆಯ ಒಬ್ಬ ತಾಯಿಯ ಕಥೆಯನ್ನು ನಿಮಗೆ ಹೇಳಲೇಬೇಕು. ಆಕೆಯ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆದಿರಲಿಲ್ಲ, ಇಬ್ಬರ ಮೈಯೂ ಒಂದು ಬಗೆಯಾಗಿ ನಾರುತ್ತಿತ್ತು. ವೈದ್ಯರಿಂದ ವೈದ್ಯರಿಗೆ ಅಲೆದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ ಆಕೆಯ ಮಾತು ಕೇಳಿ ಮಕ್ಕಳ ಉಚ್ಚೆ ಪರೀಕ್ಷಿಸಿದರು. ಅದಕ್ಕೆ ಕಬ್ಬಿಣದ ಕ್ಲೋರೈಡ್ ಹಾಕಿದಾಗ ಬಣ್ಣ ಹಸಿರಿಗೆ ತಿರುಗಿತು. ಫಿನೈಲ್‌ಕೀಟೋನ್ಯೂರಿಯಾ ಎಂಬ ದೋಷ ಪತ್ತೆಯಾದದ್ದು ಹಾಗೆ. 1950ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹಾರ್ಸ್ಟ್ ಬಿಕೆಲ್, ಮತ್ತೊಬ್ಬ ತಾಯಿಯ ಬಿಡದ ಒತ್ತಾಯಕ್ಕೆ, ಅದಕ್ಕೆಂದೇ ಬೇರೆ ಆಹಾರ ತಯಾರಿಸಿ ಮಗುವಿಗೆ ಕೊಟ್ಟು ನೋಡಿದರು. ಮಗು ಸುಧಾರಿಸಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ಸೋಸುಕಾಗದದ ಮೇಲೆ ಒಣಗಿಸಿದ ರಕ್ತದಿಂದ ಇದನ್ನು ಪತ್ತೆಹಚ್ಚುವ ಅಗ್ಗದ ದಾರಿ ಕಂಡುಕೊಂಡರು. ಯಾವ ಮಗುವೂ ತಪ್ಪಿಹೋಗದಂತೆ ಎಲ್ಲ ಕೂಸುಗಳಿಗೂ ಪರೀಕ್ಷೆ ಎಂಬ ಪದ್ಧತಿ ಬೆಳೆದದ್ದು ಅಲ್ಲಿಂದ. ಈ ಶಾಸ್ತ್ರದ ಬುಡದಲ್ಲಿ ತಾಯಂದಿರ ಮಾತಿದೆ. ಬಾಣಂತಿ ನಿಮ್ಮ ಹತ್ತಿರ ಯಾಕೋ ಕೂಸು ಸರಿಯಿಲ್ಲ ಎಂದಾಗ ಅದನ್ನು ತಳ್ಳಿಹಾಕಬೇಡಿ ಎಂದು ಕೇಳಿಕೊಳ್ಳುವುದು ಇದಕ್ಕೇ.

ಈಗ ನಮ್ಮ ಮನೆಗಳ ಒಳಗಿನ ಮಾತು. ಮಗು ಹೀಗಾದಾಗ ದೂರು ಬರುವುದು ಸೊಸೆಯ ಮೇಲೆ. ಅವಳ ಕಾಲ್ಗುಣ, ಅವಳ ಹಾಲು ಸರಿಯಿಲ್ಲ, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಎಂದೆಲ್ಲ ಆಡುತ್ತಾರೆ. ಇಂಥ ಕಾಯಿಲೆಗಳಲ್ಲಿ ಹೆಚ್ಚಿನವು ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ದೋಷದ ಎರಡು ಜೀನ್ ಸೇರಬೇಕು. ಇಬ್ಬರೂ ಆರೋಗ್ಯವಾಗಿರುತ್ತಾರೆ, ಒಂದೊಂದನ್ನು ಹೊತ್ತಿರುತ್ತಾರೆ ಅಷ್ಟೆ. ಅಂಥ ದಂಪತಿಗೆ ಪ್ರತಿ ಬಸುರಿನಲ್ಲೂ ಕಾಯಿಲೆಯ ಕೂಸು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು, ಆರೋಗ್ಯವಂತ ಕೂಸು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಮೂರು. ತಾಯಿಯದು ಎಷ್ಟು ಪಾಲೋ ತಂದೆಯದೂ ಅಷ್ಟೇ ಪಾಲು. ಇದನ್ನು ಅತ್ತೆ, ಗಂಡ ಇಬ್ಬರೂ ಇರುವಾಗ ಗಟ್ಟಿಯಾಗಿ ಹೇಳಿ. ಮಗು ಕಳೆದುಕೊಂಡವಳ ಮೇಲೆ ಅಪವಾದವನ್ನೂ ಹೊರಿಸುವುದು ಅನ್ಯಾಯ.

ಸಂಬಂಧದ ಮದುವೆಯ ಬಗ್ಗೆ ಹೇಳುವಾಗ ಮಾತು ಹದವಾಗಿರಲಿ. ಆಸ್ತಿ ಒಡೆಯಬಾರದು, ಹೆಣ್ಣು ಕಣ್ಣೆದುರಿಗಿರಲಿ, ತವರು ತಪ್ಪದಿರಲಿ ಎಂದು ನಮ್ಮ ಹಿರಿಯರು ಬೆಳೆಸಿದ ರೂಢಿ ಇದು. ಅಂತರಘಟ್ಟಮ್ಮನ ಜಾತ್ರೆಗೆ ಸುತ್ತಿನ ತಾಲ್ಲೂಕುಗಳಿಂದ ಗಾಡಿ ಕಟ್ಟಿಕೊಂಡು ಬಂದು ಸೇರುವ ನೆಂಟರು ಹೆಣ್ಣು ಗಂಡಿನ ಮಾತನ್ನೂ ಆಡಿಕೊಳ್ಳುತ್ತಾರೆ. ಸಂಬಂಧದಲ್ಲಿ ಮದುವೆಯಾದವರಲ್ಲಿ ಬಹುಪಾಲು ದಂಪತಿಗಳ ಮಕ್ಕಳು ಚೆನ್ನಾಗಿಯೇ ಇರುತ್ತಾರೆ, ಹೊರಗಿನ ಹೆಣ್ಣು ತಂದವರಿಗೂ ಇಂಥ ಮಗು ಹುಟ್ಟುವುದುಂಟು. ಆದರೂ ಲೆಕ್ಕವನ್ನು ಮುಚ್ಚಿಡಬಾರದು. ಸೋದರಮಾವನಲ್ಲಿರುವ ಒಂದು ದೋಷದ ಜೀನ್ ಅವನ ಅಕ್ಕನ ಮಗಳಲ್ಲೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರತ್ತೆಯ ಮಗ, ಸೋದರಮಾವನ ಮಗಳ ನಡುವೆ ಅದು ಎಂಟರಲ್ಲಿ ಒಂದು. ಹೊರಗಿನವರಲ್ಲಿ ಅದೇ ದೋಷ ಇರುವುದು ಬಹಳ ಅಪರೂಪ. ಒಂದು ಮನೆತನದಲ್ಲಿ ಕಾರಣ ತಿಳಿಯದೆ ಹಸುಗೂಸುಗಳು ಹೋಗಿದ್ದರೆ ಅದೇ ಮನೆತನದೊಳಗೆ ಮತ್ತೆ ಕೊಟ್ಟು ತರುವ ಮುಂಚೆ ವಂಶವಾಹಿ ತಜ್ಞರನ್ನು ಕಾಣಬೇಕು. ಈಗಾಗಲೇ ಮದುವೆಯಾದವರು ಮುಂದಿನ ಬಸುರಿಗೆ ಮುಂಚೆ ಕಾಣಬೇಕು. ದೋಷ ಯಾವುದೆಂದು ಗೊತ್ತಿದ್ದರೆ ಬಸುರಿನ ಮೂರನೆಯ ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಿ ತಿಳಿಯಬಹುದು.

ಹೋಗಬೇಕಾದ ಜಾಗಗಳು ನಮ್ಮ ರಾಜ್ಯದಲ್ಲೇ ಇವೆ. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಒಟ್ಟಾಗಿ ಅಪರೂಪದ ಕಾಯಿಲೆಗಳ ಉತ್ಕೃಷ್ಟತಾ ಕೇಂದ್ರವೆಂದು ಕೇಂದ್ರ ಸರ್ಕಾರದ ಪಟ್ಟಿಯಲ್ಲಿವೆ. ನಿಮ್ಹಾನ್ಸ್ ಇದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರದ ವಿಭಾಗವಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪ್ರಕಾರ, ಪಟ್ಟಿಯಲ್ಲಿರುವ ಕಾಯಿಲೆಗೆ ಇಂಥ ಕೇಂದ್ರದ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುವ ಅವಕಾಶವಿದೆ. ಅಜ್ಜಂಪುರದಿಂದ, ಬೀರೂರಿನಿಂದ ಬೆಂಗಳೂರಿಗೆ ರೈಲಿದೆ. ಒಣಗಿದ ರಕ್ತದ ಕಾಗದವನ್ನಂತೂ ಲಕೋಟೆಯಲ್ಲಿಟ್ಟು ಅಂಚೆಯಲ್ಲೂ ಕಳಿಸಬಹುದು.

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ.

ಬಸುರಿಯ ಹೆಸರು ಬರೆದುಕೊಳ್ಳುವಾಗಲೇ ಎರಡು ಪ್ರಶ್ನೆ ಕೇಳಿ: ಗಂಡ ಮೊದಲೇ ನೆಂಟನೇ? ಈ ಮನೆತನದಲ್ಲಿ ಎಳೆಗೂಸುಗಳು ಹೋಗಿವೆಯೇ? ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿ, ಹೆರಿಗೆ ಮಾಡಿಸುವ ವೈದ್ಯರ ಕಣ್ಣಿಗೆ ಬೀಳುವಂತಿರಲಿ.

ಮೂರನೆಯ ದಿನ, ಏಳನೆಯ ದಿನ, ಮೊದಲು ಚೆನ್ನಾಗಿ ಕುಡಿಯುತ್ತಿದ್ದ ಕೂಸು ಹಾಲು ಬಿಟ್ಟಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಮತ್ತೆ ಮತ್ತೆ ವಾಂತಿ, ಜೋರು ಉಸಿರು, ಫಿಟ್ಸ್ ಎಂದರೆ ನಾಳೆ ನೋಡೋಣ ಎನ್ನಬೇಡಿ. 108ಕ್ಕೆ ಕರೆ ಮಾಡಿಸಿ. ಹಿಂದಿನ ಕೂಸೂ ಹೀಗೆಯೇ ಹೋಗಿತ್ತು ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ರಕ್ತದ ಸಕ್ಕರೆ, ಆಮ್ಲತೆ, ಅಮೋನಿಯಾ ನೋಡಬೇಕೆಂಬ ಯೋಚನೆ ವೈದ್ಯರಿಗೆ ಬರುವುದು ಆ ಒಂದು ಮಾತಿನಿಂದ.

ಕೂಸು ಉಳಿಯುವುದಿಲ್ಲ ಎಂಬ ಹಂತ ಬಂದರೂ ಕಾಗದದ ಮೇಲೆ ರಕ್ತದ ಹನಿಗಳನ್ನು ಒಣಗಿಸಿ ಇಡಿ ಎಂದು ವೈದ್ಯರನ್ನು ಕೇಳಲು ಮನೆಯವರಿಗೆ ಧೈರ್ಯ ಹೇಳಿ. ಆ ಹೊತ್ತಿನಲ್ಲಿ ಇದು ಕಠಿಣವಾದ ಮಾತು. ಆದರೆ ಆ ತಾಯಿಯ ಮುಂದಿನ ಕೂಸನ್ನು ಉಳಿಸಲು ದಾರಿ ಅದೇ.

ನಿಮ್ಮ ಮೇಲೆ ಇನ್ನೊಂದು ಸಂಬಳವಿಲ್ಲದ ಕೆಲಸ ಹೇರಬೇಕೆಂದು ಇದನ್ನು ಬರೆಯುತ್ತಿಲ್ಲ. ಹಿಮ್ಮಡಿಯಿಂದ ರಕ್ತ ತೆಗೆಯುವುದು ತರಬೇತಿ ಪಡೆದ ನರ್ಸ್ ಕೆಲಸ. ಅದಕ್ಕೆ ಕಾಗದ, ಸೂಜಿ, ಅಂಚೆ ಖರ್ಚು, ಫಲಿತಾಂಶ ತಿಳಿಸುವ ವ್ಯವಸ್ಥೆ ಮಾಡಬೇಕಾದದ್ದು ಸರ್ಕಾರ. ನಿಮಗೆ ಹೆಚ್ಚುವರಿ ಕೆಲಸ ಬಿದ್ದರೆ ತರಬೇತಿ, ಗೌರವಧನ ಎರಡನ್ನೂ ಕೇಳುವ ಹಕ್ಕು ನಿಮ್ಮದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ದೋಷಗಳನ್ನು ಹುಡುಕುವುದೂ ಸೇರಿದೆ. ಪಕ್ಕದ ಕೇರಳ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟುವ ಕೂಸುಗಳಿಗೆ ಹಿಮ್ಮಡಿ ರಕ್ತದ ಪರೀಕ್ಷೆಯನ್ನು ತಂದಿದೆ. ಆ ಕೆಲಸಕ್ಕೆ ದೇಶದಲ್ಲೇ ಮೊದಲು ದಾರಿ ಹಾಕಿದ್ದು ನಮ್ಮ ರಾಜ್ಯ.

ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದಿನ ಸಭೆಯಲ್ಲಿ, ಗ್ರಾಮ ಆರೋಗ್ಯ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ನೀವೆಲ್ಲ ಒಂದೇ ದನಿಯಲ್ಲಿ ಕೇಳಿ: ನಮ್ಮ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೋಗುವ ಪ್ರತಿ ಕೂಸಿಗೂ ಹಿಮ್ಮಡಿ ರಕ್ತದ ಪರೀಕ್ಷೆ ಆಗುತ್ತಿದೆಯೇ? ಆಗುತ್ತಿಲ್ಲವಾದರೆ ಯಾವಾಗಿನಿಂದ ಆಗುತ್ತದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಮುಂದಿನ ಸಭೆಯಲ್ಲಿ ಮತ್ತೆ ಕೇಳಿ. ಬೆಂಗಳೂರು, ಮೈಸೂರಿನ ಕೂಸುಗಳಿಗೆ 1980ರ ದಶಕದಲ್ಲೇ ಸಿಕ್ಕ ಪರೀಕ್ಷೆ ಅಂತರಘಟ್ಟೆಯ ಕೂಸಿಗೂ ಸಿಗಬೇಕು. ಅದು ಸಿಗುವವರೆಗೆ ಕೇಳುವುದನ್ನು ನಿಲ್ಲಿಸಬೇಡಿ.

ಇಂತಿ,
ನಿಮ್ಮ ಸೀಮೆಯವನು